ಹೆಬ್ಬೆಟ್ಟೂ ಮುಚ್ಚಿದ ಲಕೋಟೆಯೂ

ನಮ್ಮ ಕಡೆ ಓದುಬರಹ ಬಾರದವನನ್ನು ಕಂಡರೆ “ಅವನೇನು, ಹೆಬ್ಬೆಟ್ಟಿನ ಗಿರಾಕಿ” ಎಂದು ಹಗುರವಾಗಿ ಆಡುವುದುಂಟು. ರುಜು ಹಾಕಬಲ್ಲವರದೇ ಒಂದು ಜಾತಿ, ಹೆಬ್ಬೆಟ್ಟು ಒತ್ತುವವರದೇ ಇನ್ನೊಂದು ಜಾತಿ ಎಂಬ ಭಾವನೆಯಲ್ಲಿಯೇ ನಾವೆಲ್ಲ ಬೆಳೆದವರು. ಸ್ಲೇಟಿನ ಮೇಲೆ ಮೊದಲು ಹೆಸರು ಬರೆಯಲು ಕಲಿತ ದಿನ ತಂದೆಯವರು “ಇನ್ನು ನೀನು ಹೆಬ್ಬೆಟ್ಟು ಒತ್ತುವ ಹಾಗಿಲ್ಲ” ಎಂದು ನನ್ನ ಬೆನ್ನು ತಟ್ಟಿದ್ದರು. ಕಾಲ ತಿರುಗಿತು. ಈಗ ಎಂ.ಎ. ಪಾಸು ಮಾಡಿದವರೂ ವಕೀಲರೂ ಡಾಕ್ಟರರೂ ಮೊಬೈಲಿನ ಸಿಮ್ಮಿಗೊಮ್ಮೆ, ಆಸ್ತಿಯ ನೋಂದಣಿಗೊಮ್ಮೆ, ಪಿಂಚಣಿಗೊಮ್ಮೆ ಗಾಜಿನ ಚೂರಿನ ಮೇಲೆ ಹೆಬ್ಬೆಟ್ಟು ಒತ್ತಿ ತಾವು ತಾವೇ ಎಂದು ರುಜುವಾತುಪಡಿಸಬೇಕಾಗಿದೆ. ನಾನೂ ಒತ್ತಿದ್ದೇನೆ. ತಂದೆಯವರ ಮಾತು ಸುಳ್ಳಾಯಿತು.

ಈ ವಿಚಾರ ತಲೆಯಲ್ಲಿ ಗಟ್ಟಿಯಾಗಿ ನಿಂತದ್ದು ಕೊಟ್ಟೂರು ತಾಲ್ಲೂಕಿನ ಒಂದು ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ. ನನ್ನ ಸೋದರತ್ತೆಗೆ ಎಂಬತ್ತು ದಾಟಿದೆ. ತಿಂಗಳ ಅಕ್ಕಿ ತರಲು ಜೊತೆಗೆ ಹೋಗಿದ್ದೆ. ಅಂಗಡಿಯವನು ಒಳ್ಳೆಯ ಹುಡುಗನೇ. “ಅಮ್ಮಾ, ಒರೆಸಿಕೊಂಡು ಇನ್ನೊಮ್ಮೆ ಒತ್ತು” ಎಂದು ಐದಾರು ಸಲ ಒತ್ತಿಸಿದ. ಯಂತ್ರ ಒಪ್ಪಲಿಲ್ಲ. ಅತ್ತೆ ಸೆರಗಿನಿಂದ ಬೆರಳು ಉಜ್ಜಿಕೊಂಡಳು, ಇನ್ನೊಂದು ಕೈ ಕೊಟ್ಟಳು. ಆಗಲೂ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ, “ಅರವತ್ತು ವರ್ಷ ಕಳೆ ಕಿತ್ತೀನಿ, ಶೇಂಗಾ ಸುಲದೀನಿ, ರೊಟ್ಟಿ ಬಡದೀನಿ. ಬೆಟ್ಟಿನಾಗ ಗೆರಿ ಉಳೀತಾವೇನಪ್ಪ? ನಾನು ಯಾರಂತ ಊರಿಗೆಲ್ಲ ಗೊತ್ತೈತಿ, ಈ ಮಿಶಿನಿಗೊಂದಕ್ಕ ಗೊತ್ತಿಲ್ಲ” ಎಂದಳು. ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ.

ಸರಕಾರಕ್ಕೆ ನಮ್ಮನ್ನು ಗೊತ್ತುಹಿಡಿಯುವ ಅವಶ್ಯಕತೆ ಎಂದಿನಿಂದ ಬಂತು? ಅದು ನಮ್ಮ ಬಗ್ಗೆ ಎಷ್ಟು ತಿಳಿದಿರಬೇಕು? ಎಲ್ಲಿಗೆ ನಿಲ್ಲಬೇಕು? ಇಂದು ಈ ಪ್ರಶ್ನೆಯನ್ನು ಮೊಬೈಲು, ಆಧಾರ್, ದತ್ತಾಂಶ ಎಂಬ ಹೊಸ ಮಾತುಗಳಲ್ಲಿ ಕೇಳುತ್ತಿದ್ದೇವೆ. ಆದರೆ ಪ್ರಶ್ನೆ ಹಳೆಯದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಈ ಐದು ತಾಲ್ಲೂಕುಗಳ ಕೆಂಪು-ಕಪ್ಪು ಮಣ್ಣಿನ ಮೇಲೆ ನಿಂತೇ ಅದರ ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಬಹುದು.

1800ನೆಯ ಇಸವಿಯಲ್ಲಿ ಹೈದರಾಬಾದಿನ ನಿಜಾಮನು ಈ ಪ್ರಾಂತವನ್ನು ಇಂಗ್ಲಿಷರ ಕಂಪೆನಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎನಿಸಿಕೊಂಡ ಈ ಸೀಮೆಗೆ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಆತ ಇಲ್ಲಿದ್ದ. ಅಲ್ಲಿಯವರೆಗೆ ಹರಪನಹಳ್ಳಿಯಂಥ ಊರುಗಳಲ್ಲಿ ಪಾಳೆಯಗಾರರ ಆಳಿಕೆ. ಅರಸನಿಗೆ ಒಟ್ಟು ಊರಿನಿಂದ ಎಷ್ಟು ಹಣ ಬರುತ್ತದೆ ಎಂಬುದು ಮುಖ್ಯವಾಗಿತ್ತೇ ಹೊರತು, ಇಂಥ ಹೊಲವನ್ನು ಇಂಥವನು ಉಳುತ್ತಾನೆ ಎಂಬುದಲ್ಲ. ಮನ್ರೋ ಈ ಪದ್ಧತಿಯನ್ನು ತಲೆಕೆಳಗು ಮಾಡಿದ. 1802ರಿಂದ ಸರ್ವೆಯವರನ್ನು ಕಟ್ಟಿಕೊಂಡು ಹೊಲ ಹೊಲವನ್ನೂ ಅಳೆಸಿದ, ಮಣ್ಣಿನ ತರಗತಿ ಬರೆಸಿದ, ಪ್ರತಿಯೊಬ್ಬ ರೈತನ ಹೆಸರಿಗೂ ಕಂದಾಯ ಕಟ್ಟಿದ. ರೈತವಾರಿ ಪದ್ಧತಿ ಎಂದು ನಾವು ಶಾಲೆಯಲ್ಲಿ ಓದಿದ್ದು ಇದನ್ನೇ. ನಮ್ಮ ಕಡೆಯ ಸಾಮಾನ್ಯ ಒಕ್ಕಲಿಗನೊಬ್ಬ ತನ್ನದೇ ಹೆಸರಿನಿಂದ ಸರಕಾರದ ಕಾಗದದೊಳಕ್ಕೆ ಹೊಕ್ಕದ್ದು ಆಗಲೇ.

ಅದು ಕೇಡಾಯಿತೆ? ಹಾಗೆನ್ನಲಾರೆ. ಹೆಸರು ಕಾಗದಕ್ಕೆ ಬಿದ್ದವನಿಗೆ ಹೊಲದ ಮೇಲೆ ಹಕ್ಕೂ ಬಂತು. ನಡುವಿನ ಪಾಳೆಯಗಾರನ ಕಾಟ ತಪ್ಪಿತು. ದತ್ತ ಮಂಡಲದ ಜನ ತಮ್ಮ ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಟ್ಟರೆಂಬ ಮಾತೇ ಇದೆ. ಆದರೆ ಆ ಅಳತೆಯ ಉದ್ದೇಶ ಕಂದಾಯ. ರೈತನಿಗೆ ಹಕ್ಕು ಕೊಟ್ಟ ಕಾಗದವೇ ಬರಗಾಲದಲ್ಲಿಯೂ ಬಾಕಿ ಕೇಳುವ ಕಾಗದವಾಯಿತು. ಸರಕಾರಕ್ಕೆ ನಮ್ಮ ವಿಷಯ ತಿಳಿದಾಗ ಲಾಭವೂ ಭಯವೂ ಒಂದೇ ಬಾಗಿಲಿನಿಂದ ಬರುತ್ತವೆ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತು ಸುಲಭ.

ಆ ದಿನಗಳಲ್ಲಿ ಊರಿನ ಲೆಕ್ಕವೆಲ್ಲ ಇದ್ದದ್ದು ಶಾನುಭೋಗರ ಕಡತದಲ್ಲಿ. ‘ಕಡತ’ ಎಂದರೆ ಈಗ ಕಚೇರಿಯ ಫೈಲು. ಮೂಲದಲ್ಲಿ ಅದು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಕೆ ಮಡಿಕೆಯಾಗಿ ಮಡಿಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯಬೇಕು, ಬೇಡವಾದರೆ ಒರೆಸಬಹುದು. ಶಾನುಭೋಗರಿಗೆ ಊರಿನವರ ಸಾಲ, ಜಗಳ, ಹಿಸ್ಸೆ, ಹೆಂಡತಿಯ ತವರು ಎಲ್ಲ ತಿಳಿದಿತ್ತು. ಅವರು ಅದನ್ನು ಬಳಸಿಕೊಂಡು ಜನರನ್ನು ಕಾಡಿದ್ದೂ ಉಂಟು. ಆದರೆ ಅವರ ತಿಳಿವಳಿಕೆ ಊರಿನ ಎಲ್ಲೆಯಲ್ಲಿ ಮುಗಿಯುತ್ತಿತ್ತು. ಕೂಡ್ಲಿಗಿಯ ಕಡತ ಹಡಗಲಿಯ ಕಡತದೊಡನೆ ಮಾತನಾಡುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ನಮ್ಮ ಗುಟ್ಟನ್ನು ಕಾಪಾಡಿದ್ದು ಯಾವ ಕಾಯಿದೆಯೂ ಅಲ್ಲ. ಗೆದ್ದಲು, ದೂರ, ಮತ್ತು ಗುಮಾಸ್ತನ ಸೋಮಾರಿತನ, ಈ ಮೂರೇ. ಗಣಕಯಂತ್ರಕ್ಕೆ ಗೆದ್ದಲು ಹತ್ತುವುದಿಲ್ಲ, ದೂರವಿಲ್ಲ, ನಿದ್ರೆಯಿಲ್ಲ. ಇಂದಿನ ತೊಡಕಿನ ಬೇರು ಇಲ್ಲಿದೆ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಮದರಾಸು ಪ್ರಾಂತದ ಸರಕಾರಕ್ಕೆ ಯಾವ ಹಳ್ಳಿಯಲ್ಲಿ ಯಾರು ಉಪವಾಸವಿದ್ದಾರೆ ಎಂಬುದು ಸರಿಯಾಗಿ ತಿಳಿಯಲಿಲ್ಲ. ತಿಳಿದರೂ ಕನಿಕರ ಸಾಲಲಿಲ್ಲ. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ದೊರೆ ಬಂದು ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದ. ಕೂಳು ಬೇಕಾದವನು ಕಾಮಗಾರಿಯವರೆಗೆ ನಡೆದು ಬಂದು ಮೈ ಬಗ್ಗಿಸಿ ದುಡಿಯಬೇಕು. ನಡೆಯಲಾರದ ಬಡವ ದಾರಿಯಲ್ಲೇ ಬಿದ್ದ. ಆದ್ದರಿಂದ “ಸರಕಾರಕ್ಕೆ ನಮ್ಮ ಬಗ್ಗೆ ಏನೂ ಗೊತ್ತಿರಬಾರದು” ಎನ್ನುವವರ ಪಕ್ಷ ನನ್ನದಲ್ಲ. ಪ್ರಜೆಯನ್ನು ಅರಿಯದ ಸರಕಾರ ಅವನನ್ನು ಕೊಲ್ಲಬಲ್ಲದು. ಅರಿಯುವುದು ಯಾತಕ್ಕಾಗಿ, ಅರಿತದ್ದು ಯಾರ ಕೈಯಲ್ಲಿ ಎಂಬುದೇ ನನ್ನ ಚಿಂತೆ.

ಇನ್ನು ಹೆಬ್ಬೆಟ್ಟಿನ ಕಥೆ. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಗುತ್ತಿಗೆಯ ಕರಾರಿನ ಹಿಂಬದಿಗೆ ಗುತ್ತಿಗೆದಾರನ ಅಂಗೈಯನ್ನೇ ಮಸಿಯಲ್ಲಿ ಒತ್ತಿಸಿದ. ಮಾತಿಗೆ ತಪ್ಪದಿರಲಿ ಎಂದು ಹೆದರಿಸುವ ಉಪಾಯ ಅದು. ಅಲ್ಲಿಂದ ಬೆಳೆದು 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಆಯಿತು. ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಲೋಕವಿಖ್ಯಾತವಾದ ವಿಂಗಡಣೆಯ ಕ್ರಮವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಹಿಂದೂಸ್ಥಾನದ ಅಧಿಕಾರಿಗಳ ಬುದ್ಧಿ ದುಡಿದಿತ್ತು. ಲಂಡನ್ನಿನ ಪೋಲೀಸರು ಈ ವಿದ್ಯೆಯನ್ನು ಕಲಿತದ್ದು ನಮ್ಮ ದೇಶದಿಂದ. ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದ ಸಂಗತಿ ಇದು.

ಏಕೆಂದರೆ ಆ ವಿದ್ಯೆಯ ಭಾರವೆಲ್ಲ ಬಿದ್ದದ್ದು ಬಡವರ ಮೇಲೆ. ಉತ್ತರ ಹಿಂದೂಸ್ಥಾನದಲ್ಲಿ 1871ರಲ್ಲಿಯೇ ಆಗಿದ್ದ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆಯನ್ನು 1911ರಲ್ಲಿ ಮದರಾಸು ಪ್ರಾಂತಕ್ಕೂ ಹಬ್ಬಿಸಿದರು. ನಮ್ಮ ತಾಲ್ಲೂಕುಗಳು ಆಗ ಆ ಪ್ರಾಂತದವು. ಕೊರವರೇ ಮೊದಲಾದ ಅಲೆಮಾರಿ ಸಮುದಾಯಗಳನ್ನು ಸರಕಾರ ಆ ಪ್ರಾಂತದಲ್ಲಿ ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಹಾಕಬಲ್ಲದಾಗಿತ್ತು. ಪಟ್ಟಿಗೆ ಬಿದ್ದವನು ಬೆರಳಚ್ಚು ಕೊಡಬೇಕು, ಹೇಳಿದ ಹೊತ್ತಿಗೆ ಹಾಜರಿ ಹೇಳಬೇಕು, ಊರು ಬಿಟ್ಟರೆ ಚೀಟಿ ಪಡೆಯಬೇಕು. ಉಪ್ಪು ಮಾರಿ, ಬುಟ್ಟಿ ಹೆಣೆದು, ಸಂತೆಯಿಂದ ಸಂತೆಗೆ ನಡೆಯುವವರಿಗೆ ನಡೆಯುವುದೇ ತಪ್ಪಾಯಿತು. ಮುಂಬಯಿ ಪ್ರಾಂತದಲ್ಲಿದ್ದ ಹುಬ್ಬಳ್ಳಿ, ಗದಗುಗಳಲ್ಲಿ ಇಂಥವರನ್ನು ತಂತಿಯ ಬೇಲಿಯೊಳಗೆ ಕೂಡಿದ ಜಾಗಗಳಿಗೆ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಮದರಾಸಿನಲ್ಲಿ ಆ ಕಾಯಿದೆ 1947ರಲ್ಲಿ ಹೋಯಿತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು. ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ ಸ್ವತಂತ್ರರಾದ ಜನ ಅವರು. ಒಂದು ಪಟ್ಟಿ ಮನುಷ್ಯನನ್ನು ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನು ಹೇಳುತ್ತೇನೆ.

ಕೂಡ್ಲಿಗಿಗೆ ಹೋದವರು ಅಲ್ಲಿನ ಹುತಾತ್ಮರ ಸ್ಮಾರಕವನ್ನು ನೋಡಿರಬಹುದು. ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನು ಅಲ್ಲಿ ಇರಿಸಿದ್ದಾರೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುವುದು ದಂಡಿಯ ಉಪ್ಪಲ್ಲ, ಜೋಹಾನ್ಸ್‌ಬರ್ಗಿನ ಬೆರಳಚ್ಚು. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಸರಕಾರ 1906ರಲ್ಲಿ ಅಲ್ಲಿನ ಏಷ್ಯದ ಜನರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಿಸಿಕೊಳ್ಳಬೇಕು, ಕೇಳಿದಾಗ ಚೀಟಿ ತೋರಿಸಬೇಕು ಎಂಬ ಕಟ್ಟಳೆ ತರಹೊರಟಿತು. ಅದನ್ನು ಪಾಲಿಸುವುದಿಲ್ಲ ಎಂದು ಆ ವರ್ಷದ ಸೆಪ್ಟೆಂಬರ್ 11ರಂದು ಎಂಪೈರ್ ನಾಟಕಶಾಲೆಯಲ್ಲಿ ಸೇರಿದ ಜನ ಆಣೆ ಮಾಡಿದರು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. ನಮ್ಮ ದೇಶದ ದೊಡ್ಡ ಅಸ್ತ್ರ ಮೊದಲು ಮಸೆಯಲ್ಪಟ್ಟದ್ದು ಬೆರಳಚ್ಚಿನ ಕಲ್ಲಿನ ಮೇಲೆ!

ಮುಂದಿನ ಭಾಗ ಇನ್ನೂ ಸ್ವಾರಸ್ಯವಾದದ್ದು. 1908ರ ಜನವರಿಯಲ್ಲಿ ಗಾಂಧಿಯವರು ಜನರಲ್ ಸ್ಮಟ್ಸ್‌ನೊಡನೆ ಒಪ್ಪಂದ ಮಾಡಿಕೊಂಡರು. ಬಲವಂತದ ಕಾಯಿದೆಯನ್ನು ಹಿಂದೆಗೆದುಕೊಂಡರೆ ತಾವಾಗಿಯೇ ನೋಂದಿಸಿಕೊಳ್ಳುವೆವು ಎಂಬುದು ಅವರ ತಿಳಿವು. ಫೆಬ್ರವರಿಯಲ್ಲಿ ಬೆರಳಚ್ಚು ಕೊಡಲು ಹೊರಟವರನ್ನು ಸಿಟ್ಟಿಗೆದ್ದ ಸ್ವಂತ ಜನರೇ ದಾರಿಯಲ್ಲಿ ಬಡಿದು ಕೆಡವಿದರು. ಆದರೂ ಹಾಸಿಗೆಯಲ್ಲಿ ಮಲಗಿಯೇ ಬೆರಳಚ್ಚು ಕೊಟ್ಟರು. ಕಾಯಿದೆ ಮಾತ್ರ ರದ್ದಾಗಲಿಲ್ಲ. ಆಗಸ್ಟ್ 16ರಂದು ಮಸೀದಿಯ ಮುಂದಿನ ಬಯಲಿನಲ್ಲಿ ಕೊಪ್ಪರಿಗೆಗೆ ಹಾಕಿ ಆ ಚೀಟಿಗಳನ್ನೆಲ್ಲ ಸುಟ್ಟರು. ಅದೇ ಬೆರಳು, ಅದೇ ಗೆರೆ. ಮನಸಾರೆ ಕೊಟ್ಟರೆ ಸಹಕಾರ, ಕಿತ್ತುಕೊಂಡರೆ ದಾಸ್ಯ. ಕೊಟ್ಟದ್ದಕ್ಕೂ ಕಿತ್ತದ್ದಕ್ಕೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು.

ಬೆರಳನ್ನು ಬಿಟ್ಟು ಮಾತಿಗೆ ಬರೋಣ. 1879ರಲ್ಲಿ ಈ ದೇಶಕ್ಕೆ ಕಾಲಾಣೆಯ ಕಾರ್ಡು ಬಂತು. ಹಳ್ಳಿಯ ಜನ ಒಡನೆಯೇ ಒಂದು ವಿವೇಕವನ್ನು ಕಲಿತರು. ಮಳೆ, ಬೆಳೆ, ಆರೋಗ್ಯ ಕಾರ್ಡಿನಲ್ಲಿ. ಸಾಲ, ಸಂಬಂಧ, ಮುನಿಸು ಲಕೋಟೆಯಲ್ಲಿ. ಟಪಾಲಿನವನೇ ಓದಿ ಹೇಳುವ ಊರುಗಳಲ್ಲಿಯೂ ಲಕೋಟೆ ಬಂದರೆ ಮನೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿ ಓದಿಸುತ್ತಿದ್ದರು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಲಕ್ಷ ಜನರಿಗಾಗಿ ಆಡಿದ ಮಾತು. ಕಿವಿಯಲ್ಲಿ ಆಡಿದ ಮಾತು ಒಬ್ಬರಿಗಾಗಿ. ಇವೆರಡರ ಭೇದ ನಮ್ಮ ಜನಕ್ಕೆ ಯಾವ ಪುಸ್ತಕವೂ ಕಲಿಸಿಕೊಟ್ಟದ್ದಲ್ಲ.

ಸರಕಾರಕ್ಕೆ ಆ ಲಕೋಟೆಯ ಮೇಲೂ ಕಣ್ಣಿತ್ತು. 1885ರ ತಂತಿ ಕಾಯಿದೆ, 1898ರ ಅಂಚೆ ಕಾಯಿದೆ ಇವೆರಡೂ ಸಾರ್ವಜನಿಕ ತುರ್ತು, ಸಾರ್ವಜನಿಕ ಕ್ಷೇಮ ಎಂಬ ಮಾತುಗಳ ನೆರಳಿನಲ್ಲಿ ಕಾಗದವನ್ನೂ ತಂತಿಯನ್ನೂ ತಡೆದು ನೋಡುವ ಅಧಿಕಾರವನ್ನು ಇಟ್ಟುಕೊಂಡವು. ಪರಕೀಯರು ಹೋದರು, ಕಾಯಿದೆಗಳು ಹೋಗಲಿಲ್ಲ. 1986ರಲ್ಲಿ ಪಾರ್ಲಿಮೆಂಟು ಅಂಚೆಯ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಮಸೂದೆಯನ್ನು ಒಪ್ಪಿದಾಗ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಹಾಗೆಯೇ ಇಟ್ಟುಕೊಂಡರು. ನಮ್ಮ ರಾಜ್ಯದಲ್ಲಂತೂ 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಬಿರುಗಾಳಿಗೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರೇ ರಾಜೀನಾಮೆ ಕೊಡಬೇಕಾಯಿತು. 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ಕದ್ದು ಕೇಳುವುದಕ್ಕೂ ಒಂದು ಶಿಸ್ತು ಹೇಳಿತು: ಆಜ್ಞೆ ಗೃಹಕಾರ್ಯದರ್ಶಿಯ ಮಟ್ಟದಿಂದ ಬರಬೇಕು, ಅದಕ್ಕೆ ಎರಡು ತಿಂಗಳ ಅವಧಿ, ಮುಂದುವರಿಸಿದರೂ ಆರು ತಿಂಗಳು ಮೀರಬಾರದು, ಒಂದು ಸಮಿತಿ ಅದನ್ನು ಮರುಪರಿಶೀಲಿಸಬೇಕು. ಗಮನಿಸಿ, ಆಜ್ಞೆ ಕೊಡುವವರೂ ಸರಕಾರದವರೇ, ಪರಿಶೀಲಿಸುವವರೂ ಸರಕಾರದವರೇ. 1885ರ, 1898ರ ಕಾಯಿದೆಗಳ ಜಾಗಕ್ಕೆ ಪಾರ್ಲಿಮೆಂಟು 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆಯನ್ನೂ ಹೊಸ ಅಂಚೆ ಕಾಯಿದೆಯನ್ನೂ ಮಾಡಿತು. ತಡೆದು ನೋಡುವ ಅಧಿಕಾರ ಎರಡರಲ್ಲಿಯೂ ಹಾಗೆಯೇ ಮುಂದುವರಿದಿದೆ.

ನಮ್ಮ ಭಾಷೆಯಲ್ಲಿ ‘ಖಾಸಗಿ’ ಎಂಬ ಮಾತಿನ ಹುಟ್ಟೂ ಯೋಚಿಸತಕ್ಕದ್ದು. ಅರಬ್ಬಿಯ ‘ಖಾಸ್’ನಿಂದ ಬಂದ ಆ ಶಬ್ದಕ್ಕೆ ಮರಾಠರ ಆಡಳಿತದಲ್ಲಿ ಅರಸನ ಮನೆತನದ ಸ್ವಂತ ಖಾತೆ ಎಂಬ ಅರ್ಥವಿತ್ತು. ಎಂದರೆ ಖಾಸಗಿ ಎನ್ನುವುದು ಅರಸನಿಗೆ ಮಾತ್ರ ಇದ್ದ ಸೌಭಾಗ್ಯ. ಪ್ರಜೆಗೂ ಅದು ಉಂಟೇ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳಲ್ಲಿ ಅರುವತ್ತು ವರ್ಷ ಅಲೆದಾಡಿತು. 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ಮಂದಿ ನ್ಯಾಯಾಧೀಶರು ಅಂಥ ಹಕ್ಕನ್ನು ಸಂವಿಧಾನದಲ್ಲಿ ಕಾಣಲಿಲ್ಲ. 1962ರಲ್ಲಿ ಖರಕ್ ಸಿಂಗ್ ಎಂಬವನ ಮೊಕದ್ದಮೆ ಬಂತು. ಡಕಾಯಿತಿಯ ಆಪಾದನೆಯಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನು. ಆದರೂ ಪೋಲೀಸರು ಅವನ ಹೆಸರನ್ನು ಪಟ್ಟಿಯಲ್ಲಿಟ್ಟು ನಡುರಾತ್ರಿ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ರಾತ್ರಿ ಬಾಗಿಲು ಬಡಿಯುವುದು ತಪ್ಪೆಂದು ಕೋರ್ಟು ಹೇಳಿತು, ಖಾಸಗಿತನದ ಹಕ್ಕು ಇದೆಯೆಂದು ಬಹುಮತ ಒಪ್ಪಲಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಅವರು ಮಾತ್ರ ಒಬ್ಬ ಜೊತೆಗಾರರೊಂದಿಗೆ ಬೇರೆ ಮಾತು ಹೇಳಿದರು. ಭಿನ್ನಮತದ ಆ ಬೀಜ ಮೊಳೆಯಲು ಐವತ್ತೈದು ವರ್ಷ ಹಿಡಿಯಿತು.

ಮೊಳೆಸಿದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನಲ್ಲಿ 1977ರಿಂದ 1986ರವರೆಗೆ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಪಾರ್ಲಿಮೆಂಟಿನ ಕಾಯಿದೆಯಿಲ್ಲದೆ ಕೋಟಿಗಟ್ಟಲೆ ಜನರ ಬೆರಳು, ಕಣ್ಣುಗಳ ಗುರುತನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂಬುದು ಅವರ ಪ್ರಶ್ನೆ. ಯೋಜನೆಯ ಚುಕ್ಕಾಣಿ ಹಿಡಿದಿದ್ದ ನಂದನ್ ನಿಲೇಕಣಿಯವರೂ ಬೆಂಗಳೂರಿನವರೇ, ಪ್ರಶ್ನಿಸಿದವರೂ ಬೆಂಗಳೂರಿನವರೇ. ಕಾಯಿದೆ ಬಂದದ್ದು 2016ರಲ್ಲಿ. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಂದೇ ಕಂಠದಿಂದ ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. ಹಾಗೆಂದು ಅದು ಎಲ್ಲೆಯಿಲ್ಲದ ಹಕ್ಕೂ ಅಲ್ಲ. ಸರಕಾರ ಅದರೊಳಕ್ಕೆ ಕೈ ಹಾಕಬೇಕಾದರೆ ಅದಕ್ಕೊಂದು ಕಾಯಿದೆ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹೋಗಬೇಕು. ಇಲಿ ಹಿಡಿಯಲು ಮನೆಗೆ ಬೆಂಕಿ ಹಚ್ಚಬಾರದು ಎಂದು ನಾವು ಹೇಳುವುದಿಲ್ಲವೆ? ಅದೇ ಮಾತು.

2018ರ ಸೆಪ್ಟೆಂಬರ್ 26ರಂದು ಐವರು ನ್ಯಾಯಾಧೀಶರಲ್ಲಿ ನಾಲ್ವರು ಆಧಾರನ್ನು ಬಹುಮಟ್ಟಿಗೆ ಎತ್ತಿಹಿಡಿದರು. ಆದರೆ ಬ್ಯಾಂಕು, ಮೊಬೈಲುಗಳಿಗೆ ಅದನ್ನು ಕಡ್ಡಾಯ ಮಾಡಬಾರದೆಂದರು. ದೇಶದ ಭದ್ರತೆಯ ಹೆಸರಿನಲ್ಲಿ ಜಂಟಿ ಕಾರ್ಯದರ್ಶಿಯೊಬ್ಬನ ಮಾತಿನ ಮೇಲೆ ಮಾಹಿತಿ ಬಿಟ್ಟುಕೊಡುವ ಕಲಮನ್ನು ಹೊಡೆದುಹಾಕಿದರು. ಬೆರಳು ಹೊಂದಲಿಲ್ಲವೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದೆಂದರು. ನಮ್ಮತ್ತೆಯ ಮಾತು ದೆಹಲಿಯವರೆಗೆ ಹೋಗಿತ್ತು, ಅವಳಿಗೆ ಗೊತ್ತಿರಲಿಲ್ಲ ಅಷ್ಟೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಊರುಗಳ ಯಾವ ವೃತ್ತಕ್ಕೂ ಅವರ ಹೆಸರಿಟ್ಟದ್ದನ್ನು ನಾನು ನೋಡಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಹರಪನಹಳ್ಳಿಯಲ್ಲಿ ನೆಲೆಸಿರುವ ನನ್ನ ಸ್ನೇಹಿತರೊಬ್ಬರು ಪೋಲೀಸು ಇಲಾಖೆಯಿಂದ ನಿವೃತ್ತರಾದವರು. ಸಂಜೆ ಕಟ್ಟೆಯ ಮೇಲೆ ಕುಳಿತಾಗ ಈ ವಿಷಯ ಎತ್ತಿದೆ. “ಮೇಷ್ಟ್ರೇ, ನಿಮ್ಮ ಖಾಸಗಿತನ ಒಳ್ಳೆಯದೇ” ಎಂದರು. “ಆದರೆ ಒಬ್ಬ ವಿಧವೆ ಶೇಂಗಾ ಮಾರಿದ ದುಡ್ಡನ್ನು ಬ್ಯಾಂಕಿನಲ್ಲಿಟ್ಟಿರುತ್ತಾಳೆ. ಯಾರೋ ಫೋನು ಮಾಡಿ ಬ್ಯಾಂಕಿನವರು ಅಂತ ಹೇಳಿ ನಂಬರು ಕೇಳಿ ಹತ್ತು ನಿಮಿಷದಲ್ಲಿ ಎಲ್ಲ ಎಳೆದುಬಿಡುತ್ತಾರೆ. ನಾನು ಮೂರು ಕಚೇರಿಗೆ ಕಾಗದ ಬರೆದು ಅಪ್ಪಣೆ ಬರುವಷ್ಟರಲ್ಲಿ ದುಡ್ಡು ಹತ್ತು ಖಾತೆ ದಾಟಿರುತ್ತದೆ. ಆ ಹೆಣ್ಣುಮಗಳು ಠಾಣೆಯ ಮುಂದೆ ಕೂತು ಅಳುತ್ತಿದ್ದರೆ ಅವಳಿಗೆ ನಾನು ಸಂವಿಧಾನ ಓದಿ ಹೇಳಲೆ?”

ನನ್ನಲ್ಲಿ ಒಡನೆ ಉತ್ತರವಿರಲಿಲ್ಲ. ಅವರ ಮಾತಿನಲ್ಲಿ ನಿಜವಿದೆ. ಭದ್ರತೆ ಬಡವನಿಗೂ ಬೇಕು, ಬಡವನಿಗೇ ಹೆಚ್ಚು ಬೇಕು. ಆಮೇಲೆ ನಾನು ಕೇಳಿದೆ: “ಸರಿ, ಆ ಅಧಿಕಾರ ನಿಮ್ಮಂಥವರ ಕೈಯಲ್ಲಿದ್ದರೆ ಚಿಂತೆಯಿಲ್ಲ. ನಿಮ್ಮ ಕಾಲದಲ್ಲಿ ಇಲಾಖೆಯವರೆಲ್ಲ ನಿಮ್ಮಂಥವರೇ ಇದ್ದರೇನು?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ಅದು ಬೇರೆ ಮಾತು” ಎಂದರು. ಬೇರೆ ಮಾತಲ್ಲ, ಅದೇ ಮಾತು. ಕಾಯಿದೆಯನ್ನು ಒಳ್ಳೆಯವನಿಗಾಗಿ ಬರೆಯುವುದಿಲ್ಲ.

2020ರಲ್ಲಿ ಕೊರೊನಾ ಬಂದಾಗ ಅಧಿಕಾರ ಎಷ್ಟು ದೂರ ಹೋಗಬಲ್ಲದೆಂದು ಕಂಡೆವು. ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳನ್ನು ಆ ಮಾರ್ಚಿನಲ್ಲಿ ರಾಜ್ಯ ಸರಕಾರವೇ ಬಹಿರಂಗವಾಗಿ ಪ್ರಕಟಿಸಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಬಿಟ್ಟು ಗಂಟೆಗೊಮ್ಮೆ ತಮ್ಮ ಮುಖದ ಚಿತ್ರ ತೆಗೆದು ಕಳುಹಿಸಬೇಕೆಂದು ಅಪ್ಪಣೆಯಾಯಿತು. 1911ರ ಹಾಜರಿಯ ನೆನಪಾಗಿ ನನಗೆ ಮೈ ಜುಮ್ಮೆಂದಿತು. ಉದ್ದೇಶ ಒಳ್ಳೆಯದೇ, ರೋಗ ನಿಜವೇ. ಆದರೆ ವಿಳಾಸ ಹೊರಬಿದ್ದ ಮನೆಯವರನ್ನು ಊರು ಯಾವ ಕಣ್ಣಿನಿಂದ ನೋಡಿತೆಂಬುದು ಆ ದಿನಗಳನ್ನು ಕಂಡವರಿಗೆಲ್ಲ ಗೊತ್ತು.

ಹಾಗಾದರೆ ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲಬೇಕು? ಉತ್ತರಕ್ಕೆ ನಾನು ದೂರ ಹೋಗುವುದಿಲ್ಲ. ದೇವಸ್ಥಾನದ ಹುಂಡಿಯನ್ನು ಎಣಿಸುವುದನ್ನು ನೀವು ನೋಡಿದ್ದೀರಿ. ಬೀಗದ ಕೈ ಒಬ್ಬರಲ್ಲಿ, ಮೊಹರು ಇನ್ನೊಬ್ಬರಲ್ಲಿ. ತೆಗೆಯುವಾಗ ನಾಲ್ಕು ಜನ ಎದುರಿಗಿರಬೇಕು, ಎಣಿಸಿದ್ದನ್ನು ಬರೆಯಬೇಕು, ರುಜು ಹಾಕಬೇಕು. ಅರ್ಚಕರ ಮೇಲೆ ಅಪನಂಬಿಕೆಯಿಂದ ಹೀಗೆ ಮಾಡುತ್ತಾರೆಯೆ? ಇಲ್ಲ. ನಂಬಿಕೆ ಕೆಡದಿರಲೆಂದು ಮಾಡುತ್ತಾರೆ. ನನ್ನ ಕಾಗದ ತೆರೆಯಬೇಕೆನ್ನುವವರು ಬೇರೆ, ತೆರೆಯಬಹುದೆನ್ನುವವರು ಬೇರೆ ಇರಬೇಕು. ತೆರೆದದ್ದು ಬರಹದಲ್ಲಿ ಉಳಿಯಬೇಕು. ಅಪಾಯ ಕಳೆದ ಮೇಲೆ ನನಗೆ ತಿಳಿಸಬೇಕು. ತುರ್ತಿದ್ದರೆ ಮೊದಲು ತೆರೆಯಲಿ, ಆದರೆ ಕಾರಣವನ್ನು ಬರೆದಿಟ್ಟು ಮರುದಿನವೇ ನ್ಯಾಯಾಧೀಶನ ಮುಂದೆ ಇಡಲಿ. ಆ ವಿಧವೆಯ ದುಡ್ಡೂ ಉಳಿದೀತು, ನನ್ನ ಲಕೋಟೆಯೂ ಉಳಿದೀತು.

ಇದು ಕನಸಿನ ಮಾತಲ್ಲ. 2021ರ ಮಾರ್ಚ್ 12ರಂದು ನಮ್ಮ ಹೈಕೋರ್ಟು ಬೆಂಗಳೂರಿನ ಪ್ರಕರಣವೊಂದರಲ್ಲಿ ಈ ದಾರಿಯಲ್ಲಿಯೇ ಹೆಜ್ಜೆಯಿಟ್ಟಿತು. ಗುಪ್ತಪದ ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದು ಪೋಲೀಸರ ಪರವಾಗಿಯೂ ಹೇಳಿತು. ಹಾಗೆಯೇ ಮೊಬೈಲನ್ನು ಶೋಧಿಸಲು ವಾರಂಟು ಬೇಕು, ತುರ್ತಿನಲ್ಲಿ ವಾರಂಟಿಲ್ಲದೆ ನೋಡಿದರೆ ಕಾರಣ ಬರೆದಿಡಬೇಕು, ಸಿಕ್ಕಿದ್ದನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಮೂರನೆಯವರಿಗೆ ಕೊಡಬಾರದು ಎಂದೂ ಹೇಳಿತು. ಪಾರ್ಲಿಮೆಂಟಿನ ದಾರಿ ಇಷ್ಟು ನೇರವಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಅಂಗಡಿಗಳನ್ನೂ ಕಂಪೆನಿಗಳನ್ನೂ ಕಟ್ಟಿಹಾಕುತ್ತದೆ. ಆದರೆ ಭದ್ರತೆ, ಸಾರ್ವಜನಿಕ ಶಾಂತಿಯ ಕಾರಣಕ್ಕೆ ತನಗೆ ಬೇಕಾದ ಸಂಸ್ಥೆಗಳನ್ನು ಕಾಯಿದೆಯ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರಕಾರವೇ ಇಟ್ಟುಕೊಂಡಿದೆ. ಹುಂಡಿಯ ಕೈಯೂ ಮೊಹರೂ ಒಬ್ಬರ ಸೊಂಟದಲ್ಲೇ!

ಗುಪ್ತಲಿಪಿಯಲ್ಲಿ ಹೋಗುವ ಮೊಬೈಲಿನ ಸಂದೇಶಗಳ ವಾದವೂ ಇದೇ. 2021ರ ನಿಯಮಗಳು ಸುದ್ದಿಯ ಮೊದಲ ಮೂಲವನ್ನು ಹುಡುಕಿಕೊಡಬೇಕೆನ್ನುತ್ತವೆ. ಹಾಗೆ ಮಾಡಲು ಬೀಗವನ್ನೇ ಮುರಿಯಬೇಕಾದರೆ ಈ ದೇಶವನ್ನೇ ಬಿಟ್ಟುಹೋಗುವೆವು ಎಂದು ವಾಟ್ಸ್ಆಪ್ ಕಂಪೆನಿಯವರು 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ನುಡ‍ಿದರು. ಕಂಪೆನಿಯ ಲಾಭ ಕಂಪೆನಿಗೆ. ಆದರೆ ಪೋಲೀಸರಿಗೆಂದು ಇಟ್ಟ ಹಿತ್ತಿಲ ಬಾಗಿಲು ಕಳ್ಳನಿಗೂ ಬಾಗಿಲೇ ಎಂಬುದನ್ನು ಮನೆ ಕಟ್ಟಿಸಿದ ಯಾರೂ ಬಲ್ಲರು.

ಹರಪನಹಳ್ಳಿಯ ಒಬ್ಬ ವೃದ್ಧನನ್ನು ಊಹಿಸಿಕೊಳ್ಳಿ. ಮನೆ ಬಿಟ್ಟು ಕದಲದೆಯೇ ಅವನು 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಮೈಸೂರಿಗೆ ಬಂದ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ, 2018ರಲ್ಲಿ ಬಳ್ಳಾರಿಗೆ ಮರಳಿದ, 2021ರಲ್ಲಿ ವಿಜಯನಗರ ಜಿಲ್ಲೆಯವನಾದ. ಸರಕಾರಗಳು ಬದಲಾದವು, ಅವನ ಕಾಗದಗಳು ಕೈಯಿಂದ ಕೈಗೆ ದಾಟಿದವು. ಇಂದು ನಾವು ಒಳ್ಳೆಯ ಸರಕಾರವೆಂದು ನಂಬಿ ಕೊಟ್ಟದ್ದು ನಾಳೆ ಯಾರ ಕೈಗೆ ಹೋಗುವುದೋ ಬಲ್ಲವರಾರು? ಚರಿತ್ರೆ ಓದಿದವನು ಹೆದರುವುದು ಇಂದಿನ ದೊರೆಗಲ್ಲ, ಮುಂದೆ ಬರಬಹುದಾದ ದೊರೆಗೆ.

ಆ ದಿನ ಅಂಗಡಿಯಲ್ಲಿ ಏನಾಯಿತೆಂದು ಹೇಳುವುದು ಉಳಿಯಿತು. ಕೊನೆಗೆ ಮೊಮ್ಮಗನ ಮೊಬೈಲಿಗೆ ಬಂದ ಸಂಖ್ಯೆಯನ್ನು ಹೇಳಿ ಅಕ್ಕಿ ಪಡೆದೆವು. ಆ ಹುಡುಗ ಹುಬ್ಬಳ್ಳಿಯಲ್ಲಿದ್ದ. ಕೆಲಸದ ನಡುವೆ ಫೋನೆತ್ತಿದ್ದು ನಮ್ಮ ಪುಣ್ಯ. ಚೀಲ ಹೊತ್ತು ಬರುತ್ತ ಅತ್ತೆ ಕೇಳಿದಳು: “ಅವರು ನನ್ನ ಬೆಟ್ಟು ತಗೊಂಡು ಎಲ್ಲಿ ಇಟ್ಟಾರಪ್ಪ?” ದೆಹಲಿ, ಬೆಂಗಳೂರು, ಗಣಕಯಂತ್ರ ಎಂದು ತಿಳಿದಷ್ಟು ಹೇಳಿದೆ. “ಅಷ್ಟು ದೂರ ಇಟ್ಟಾರಂದ್ರ, ಚಂದಾಗಿ ಇಟ್ಟಿರ್ಲಿ. ಕೇಳಿದವರಿಗೆಲ್ಲ ಕೊಡಬ್ಯಾಡಂತ ಹೇಳು” ಎಂದಳು.

ಅದನ್ನೇ ಇಲ್ಲಿ ಹೇಳಿದ್ದೇನೆ.